ಕೈರಾಶಿಯ ಅತ್ತೆ ಮತ್ತು ಕೆಲಸ ಶುರು ಮಾಡದ ಬ್ಯಾಕ್ಟೀರಿಯಾ

ಕೆಲಸ ಮಾಡಲು ನಾನು ಹೆದರುವವಳಲ್ಲ. ಹಿಡಿದ ಕೆಲಸ ಮುಗಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಬಹಳ ವರ್ಷ ಕಾದೆ. ಯಾರೂ ಹೇಳುವ ಲಕ್ಷಣ ಕಾಣದಿದ್ದುದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ. ನನ್ನ ತೊಂದರೆಯೆಲ್ಲ ಶುರು ಮಾಡುವುದರಲ್ಲಿ. ಬೆಳಗಿನ ನಡಿಗೆಗೆಂದು ಬೂಟು ಕೊಂಡೆ. ಬೂಟು ಹಾಕಿಕೊಂಡು ಗೇಟಿನವರೆಗೆ ಹೋಗುತ್ತೇನೆ, ಹಾಲಿನವನು ಬರುತ್ತಾನೆ, ಹಾಲು ತೆಗೆದುಕೊಂಡು ಒಳಗೆ ಬರುತ್ತೇನೆ, ಅಲ್ಲಿಗೆ ನಡಿಗೆ ಮುಗಿಯಿತು. ಮರುದಿನ ಮತ್ತೆ ಬೂಟು, ಮತ್ತೆ ಗೇಟು, ಮತ್ತೆ ಹಾಲು. ಉತ್ತರ ಪತ್ರಿಕೆಗಳ ಕಟ್ಟು ಬಂದರೆ ಮೊದಲ ಪತ್ರಿಕೆಯ ಮೊದಲ ಉತ್ತರಕ್ಕೆ ಅಂಕ ಹಾಕಿ ಎದ್ದು ಹೋಗಿ ಫ್ಯಾನಿನ ಧೂಳು ಒರೆಸುತ್ತೇನೆ. ಮನುಷ್ಯರಲ್ಲಿ ಇದನ್ನು ಸೋಮಾರಿತನ ಎನ್ನುತ್ತಾರೆ. ಇದೇ ಗುಣ ಬ್ಯಾಕ್ಟೀರಿಯಾದಲ್ಲಿ ಕಂಡಾಗ ವಿಜ್ಞಾನಿಗಳು ಅದಕ್ಕೊಂದು ಭಾರಿ ಹೆಸರಿಟ್ಟು ಗೌರವಿಸಿದರು. ವಂಶವಾಹಿಯನ್ನು ನಕಲು ಮಾಡಲು ಕೂತ ಕಿಣ್ವ ನಾಲ್ಕಾರು ಅಕ್ಷರ ಬರೆಯುತ್ತದೆ, ಬರೆದದ್ದನ್ನು ಎಸೆಯುತ್ತದೆ, ಮತ್ತೆ ಮೊದಲಿನಿಂದ ಬರೆಯುತ್ತದೆ, ಮತ್ತೆ ಎಸೆಯುತ್ತದೆ. ಹೀಗೆ ಎಷ್ಟೋ ಸಲ ಒದ್ದಾಡಿದ ಮೇಲೆಯೇ ಅದು ಕೂತ ಜಾಗ ಬಿಟ್ಟು ಮುಂದಕ್ಕೆ ಹೊರಡುವುದು. ಇದನ್ನು ಮೊದಲ ಸಲ ಓದಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಇಂಥ ಜೀವಿಗಳ ಬಗ್ಗೆಯೇ ಕಲಿತು, ಇವುಗಳ ಬಗ್ಗೆಯೇ ಕಲಿಸಿ ಹೊಟ್ಟೆ ಹೊರೆಯಬೇಕೆಂದು ಅಂದೇ ನಿಶ್ಚಯಿಸಿದೆ.

ಹಾಗೆಯೇ ಆಯಿತು. ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ನಮ್ಮದು ಊರಂಚಿನ ನೇಕಾರರ ಬೀದಿ. ಯಾವ ಕಾಲದಲ್ಲೋ ಈ ಕಡೆ ಬಂದು ಮಗ್ಗ ಹೂಡಿದ ಕನ್ನಡದವರು ನಾವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ತರಗತಿಯಲ್ಲಿ ಇಂಗ್ಲಿಷು. ನಮ್ಮ ಮನೆಯ ಕನ್ನಡ ಕೇಳಿದ ಮೈಸೂರಿನವರು ಅದು ಯಾವ ಭಾಷೆ ಎಂದು ಇಂಗ್ಲಿಷಿನಲ್ಲಿ ವಿಚಾರಿಸುತ್ತಾರೆ. ನಾನು ಅಕ್ಷರ ಕಲಿತದ್ದು ಎಂ.ಎಸ್ಸಿ. ಓದಲು ಆ ಮೈಸೂರಿಗೇ ಹೋದಾಗ. ಹಾಸ್ಟೆಲಿನಲ್ಲಿ ಈ ದಿನ ಏನು ಊಟ ಎಂದು ಕನ್ನಡದಲ್ಲಿ ಬರೆದು ಹಾಕುತ್ತಿದ್ದರು, ಹಸಿದವಳಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ಬೀದಿಯಲ್ಲಿ ಕನ್ನಡ ಮಾತಾಡದವರಿಲ್ಲ, ಓದಬಲ್ಲವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಆದ್ದರಿಂದಲೇ ನಮ್ಮತ್ತೆಯ ಬಗ್ಗೆ ಇಲ್ಲಿ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಇಂಥ ಸ್ವಾತಂತ್ರ್ಯ ಎಲ್ಲ ಸೊಸೆಯರ ಪಾಲಿಗೂ ಬರುವುದಿಲ್ಲ.

ಅತ್ತೆಯ ಹೆಸರು ರಾಜಮ್ಮ. ನನ್ನ ಅಪ್ಪನ ಅಕ್ಕ. ಅವರ ಮಗನನ್ನೇ ಮದುವೆಯಾದ್ದರಿಂದ ಅವರು ನನಗೆ ಎರಡು ಕಡೆಯಿಂದಲೂ ಅತ್ತೆ. ಬೈಸಿಕೊಂಡರೆ ಮುನಿಸಿಕೊಂಡು ಹೋಗಬೇಕಾದ ತವರೂ ಅವರದೇ. ಅವರದು ಕೈರಾಶಿ. ಕೆಲವರು ಮುಟ್ಟಿ ಶುರು ಮಾಡಿಕೊಟ್ಟ ಕೆಲಸ ತಡೆಯಿಲ್ಲದೆ ಸಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅಂಥವರ ಕೈಗೆ ರಾಶಿ ಇದೆ ಎನ್ನುತ್ತಾರೆ. ಮಗ್ಗಕ್ಕೆ ಹೊಸ ಪಾವು, ಅಂದರೆ ಉದ್ದ ನೂಲಿನ ಸುರುಳಿ, ಏರಿಸಿದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಪಾವಿನ ಒಂದೊಂದು ಎಳೆಗೆ ಬೆರಳಿನಲ್ಲಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಹೆಂಗಸರು ಸಾಲಾಗಿ ಕೂತು ಮಾಡುವ ಕೆಲಸ. ಆದರೆ ಮೊದಲ ಎಳೆ ಮಾತ್ರ ನಮ್ಮತ್ತೆಯದು. ಅವರು ಬರುವವರೆಗೆ ನುರಿತ ಬೆರಳುಗಳೆಲ್ಲ ಮಡಿಲಲ್ಲಿ ಸುಮ್ಮನೆ ಕೂತಿರುತ್ತಿದ್ದವು. ಅತ್ತೆ ಬಂದು ಸೊಂಟದ ಸಂಚಿಯಿಂದ ನಾಟು ಸಕ್ಕರೆ ತೆಗೆಯುವರು. ನಾಟು ಸಕ್ಕರೆ ಎಂದರೆ ಪುಡಿ ಬೆಲ್ಲ. ಅತ್ತೆಯದು ಕುನ್ನತ್ತೂರಿನ ಸಂತೆಯಿಂದಲೇ ಬರಬೇಕು. ಒಂದು ಚಿಟಿಕೆ ಮಗ್ಗದ ಮರಕ್ಕೆ ತಾಗಿಸಿ, ಒಂದು ಚಿಟಿಕೆ ಮನೆಯೊಡತಿಯ ಬಾಯಿಗೆ ಹಾಕಿ, ಚೌಡಮ್ಮನನ್ನು ನೆನೆದು ಮೊದಲ ಎಳೆ ಹೊಸೆಯುವರು. ಆಮೇಲೆ ಕಾಫಿ ಕುಡಿದು ಎದ್ದುಬಿಡುವರು. ಉಳಿದ ಎಳೆಗಳ ಗೊಡವೆ ಅವರಿಗಿರಲಿಲ್ಲ.

ತರಗತಿಯಲ್ಲಿ ಸಿಗ್ಮಾ ಎಂಬ ಪ್ರೋಟೀನಿನ ಪಾಠ ಮಾಡುವಾಗಲೆಲ್ಲ ನನ್ನ ಕಣ್ಣ ಮುಂದೆ ಬಂದು ನಿಲ್ಲುವುದು ಅತ್ತೆಯೇ. ಬ್ಯಾಕ್ಟೀರಿಯಾದ ಒಳಗೆ ಸಾವಿರಾರು ವಂಶವಾಹಿಗಳಿವೆ. ಅವನ್ನು ನಕಲು ಮಾಡುವ ಕಿಣ್ವದ ಹೆಸರು ಪಾಲಿಮರೇಸ್. ಬಹಳ ಸಮರ್ಥ ಕಿಣ್ವ, ಆದರೆ ಎಲ್ಲಿಂದ ಹೊರಡಬೇಕೆಂಬುದು ಮಾತ್ರ ಅದಕ್ಕೆ ತಿಳಿಯದು. ಡಿಎನ್‌ಎ ಉದ್ದಕ್ಕೂ ಅಲ್ಲಿ ಮುಟ್ಟಿ ಇಲ್ಲಿ ಮುಟ್ಟಿ ಅಲೆಯುತ್ತದೆ. ಆಗ ಸಿಗ್ಮಾ ಬಂದು ಅದರ ಜೊತೆಗೂಡಿ, ವಂಶವಾಹಿಯ ಮುಂದಿರುವ ಆರಂಭದ ಜಾಗವನ್ನು ಹುಡುಕಿ, ಅಲ್ಲಿ ಅದನ್ನು ಕೂರಿಸಿ, ಹೆಣೆದುಕೊಂಡ ಎರಡು ಎಳೆಗಳನ್ನು ಬಿಡಿಸಿಕೊಡುತ್ತದೆ. ನಕಲು ಸಾಗಿತು ಎಂದು ಕಂಡ ಮೇಲೆ ಸಾಮಾನ್ಯವಾಗಿ ಕಳಚಿಕೊಂಡು ಇನ್ನೊಂದು ಕಡೆಗೆ ಹೊರಡುತ್ತದೆ. ಕಾಫಿ ಒಂದು ಬಿಟ್ಟರೆ ಉಳಿದದ್ದೆಲ್ಲ ನಮ್ಮತ್ತೆಯೇ. ಸಿಗ್ಮಾಗಳಲ್ಲಿ ಬಗೆಬಗೆ ಇವೆ: ಮಾಮೂಲು ದಿನಕ್ಕೆ ಒಂದು, ಬಿಸಿ ಏರಿದಾಗ ಇನ್ನೊಂದು, ಹಸಿವು ಬಿದ್ದಾಗ ಮತ್ತೊಂದು. ನಮ್ಮ ಮನೆಯಲ್ಲೂ ಬಿಸಿ ಏರಿದಾಗ ತಿರುಪ್ಪೂರಿನಿಂದ ನಾದಿನಿ ಬರುತ್ತಾಳೆ. ಅವಳು ಬಂದಳೆಂದರೆ ಮಾಮೂಲು ಕೆಲಸವೆಲ್ಲ ನಿಂತು ರಾಜಿ ಪಂಚಾಯಿತಿ ಶುರುವಾಗುತ್ತದೆ. ಸಿಗ್ಮಾವನ್ನು ಅಪ್ಪಿ ಹಿಡಿದು ಕೆಲಸಕ್ಕೆ ಹೋಗದಂತೆ ತಡೆಯುವ ಇನ್ನೊಂದು ಪ್ರೋಟೀನೂ ಉಂಟು. ಆ ಹೊಣೆಯನ್ನು ನಮ್ಮಲ್ಲಿ ನಮ್ಮ ಮನೆಯವರು ಹೊತ್ತಿದ್ದಾರೆ. ಅವರು ಪಂಪು ಮೋಟಾರು ಮಾಡುವ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು, ನೂರು ಜನರನ್ನು ಕೆಲಸಕ್ಕೆ ಹಚ್ಚುವವರು. ಮನೆಯಲ್ಲಿ ಮಾತ್ರ, ಅತ್ತೆ ಸೆರಗು ಸರಿಮಾಡಿಕೊಂಡು ಹೊರಟ ಕೂಡಲೇ, "ಅವ್ವಾ, ಇನ್ನೊಂದೇ ಒಂದು ದೋಸೆ ಹುಯ್ದುಬುಟ್ಟು ಓಗವ್ವಾ" ಎಂದು ಅವರನ್ನು ಒಲೆಯ ಮುಂದೆ ಹಿಡಿದಿಡುತ್ತಾರೆ.

ಇಂಥ ಕೈಗೆ ಈಚೆಗೆ ಕೆಲಸ ಕಡಿಮೆಯಾಯಿತು. ಬೀದಿಗೆ ತಾನಾಗಿ ಓಡುವ ಮಗ್ಗಗಳು ಬಂದವು. ಎಳೆ ಸೇರಿಸಲು ಗಂಟು ಹಾಕುವ ಯಂತ್ರ ಬಂತು. ಯಂತ್ರದವನಿಗೆ ಮೊದಲ ಎಳೆ ಯಾವುದಾದರೇನು, ಕೊನೆಯದು ಯಾವುದಾದರೇನು! ಮೊದಮೊದಲು ಮರ್ಯಾದೆಗಾಗಿ ಅತ್ತೆಯನ್ನು ಕರೆದು ಗುಂಡಿ ಒತ್ತಿಸಿದರು. ಆಮೇಲೆ ಗುಂಡಿಯನ್ನೂ ಮಗ್ಗದವರೇ ಒತ್ತಿಕೊಂಡರು. ಅಷ್ಟಕ್ಕೇ ನಿಂತಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದರು. ಪಕ್ಕದ ಬೀದಿಯ ಒಂದು ಮನೆಯವರು ಅಪರೂಪಕ್ಕೆ ಕರೆಸಿ ಹೊಸ ಮಗ್ಗ ಮುಟ್ಟಿಸಿದರು; ಮರುದಿನವೇ ಅದರ ಮೋಟಾರು ಸುಟ್ಟುಹೋಯಿತು. ರಾಜಮ್ಮನ ಕೈ ಮುಂಚಿನ ಹಾಗಿಲ್ಲ ಎಂಬ ಮಾತು ಹುಟ್ಟಿತು. ಎದುರಿಗೆ ಯಾರೂ ಆಡಲಿಲ್ಲ, ಆದರೆ ನಮ್ಮ ಬೀದಿಯಲ್ಲಿ ಎದುರಿಗೆ ಆಡಿದ್ದಕ್ಕಿಂತ ಆಡದ ಮಾತೇ ಬೇಗ ಕಿವಿಗೆ ಬೀಳುತ್ತದೆ. ಅತ್ತೆ ಜಗಲಿಯಲ್ಲಿ ಕೂರುವುದನ್ನು ಬಿಟ್ಟರು. "ನನ್ ಕೈ ಆರೋಯ್ತು ಅಮ್ಮಿಣಿ. ಒಲೆನೂ ನೀನೇ ಅಚ್ಚು" ಎಂದು ಮುದ್ದಿನ ಹೆಸರಿನಿಂದಲೇ ಕರೆದು ಒಂದು ಬೆಳಗ್ಗೆ ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ಅವರನ್ನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲೇ ಬೈಯುವವಳು ನಾನು. ಆದರೂ ಆ ದಿನ ನನಗೆ ಅಳು ಬಂತು.

ಅದೇ ಹೊತ್ತಿಗೆ ಕಾಲೇಜಿನಲ್ಲಿ ನನ್ನ ಕೈಯೂ ಆರಿತ್ತು. ವಂಶವಾಹಿಯ ಕೆಲಸ ಹೇಗೆ ಶುರುವಾಗುತ್ತದೆಂದು ವಿದ್ಯಾರ್ಥಿಗಳು ಪುಸ್ತಕದ ಚಿತ್ರ ನೋಡಿ ಉರು ಹೊಡೆಯುವುದು ಸಾಕು, ಕಣ್ಣಾರೆ ನೋಡಲಿ ಎಂದು ಒಂದು ಪ್ರಯೋಗ ಸಿದ್ಧ ಮಾಡಿದ್ದೆ. ವಿಷಯ ಸುಲಭ. ಹಾಲಿನಲ್ಲಿರುವ ಸಕ್ಕರೆಯನ್ನು ಜೀರ್ಣಿಸಿಕೊಳ್ಳಲು ಬ್ಯಾಕ್ಟೀರಿಯಾದ ಬಳಿ ಬೇರೆಯೇ ವಂಶವಾಹಿ ಇದೆ. ಆದರೆ ಅದರ ಆರಂಭದ ಜಾಗದಲ್ಲಿ ಒಂದು ಪ್ರೋಟೀನು ಬಾಗಿಲಿಗೆ ಅಡ್ಡವಾಗಿ ಮಲಗಿದ ಯಜಮಾನನಂತೆ ಬಿದ್ದುಕೊಂಡಿರುತ್ತದೆ; ಪಾಲಿಮರೇಸ್ ದಾಟುವಂತಿಲ್ಲ. ಹಾಲಿನ ಸಕ್ಕರೆ ಒಳಗೆ ಬಂದರೆ ಅದರ ಒಂದು ರೂಪ ಹೋಗಿ ಯಜಮಾನನಿಗೆ ಅಂಟಿಕೊಂಡು ಅವನನ್ನು ಎಬ್ಬಿಸುತ್ತದೆ. ದಾರಿ ತೆರೆಯುತ್ತದೆ, ನಕಲು ಶುರುವಾಗುತ್ತದೆ, ಜೀರ್ಣಿಸುವ ಕಿಣ್ವ ತಯಾರಾಗುತ್ತದೆ. ತಯಾರಾಯಿತೇ ಎಂದು ನೋಡಲು ಬ್ಯಾಕ್ಟೀರಿಯಾ ಬೆಳೆಸಿದ ಸೀಸೆಯಿಂದ ಸ್ವಲ್ಪ ತೆಗೆದು ಬಣ್ಣವಿಲ್ಲದ ಒಂದು ರಾಸಾಯನಿಕ ಬೆರೆಸಬೇಕು. ಕಿಣ್ವ ಇದ್ದರೆ ಅದು ಅರಿಸಿನದ ನೀರಿನಂತೆ ಹಳದಿಯಾಗುತ್ತದೆ. ಪುಸ್ತಕದಲ್ಲಿ ಇದು ಯಾವಾಗಲೂ ಆಗುತ್ತದೆ. ನನ್ನ ಕೈಯಲ್ಲಿ ಮೊದಲ ಸಲ ಆಗಲಿಲ್ಲ, ಏಕೆಂದರೆ ಸೀಸೆಯನ್ನು ಬೆಚ್ಚಗೆ ಅಲ್ಲಾಡಿಸುವ ಯಂತ್ರವನ್ನು ನಮ್ಮ ಕಾವಲುಗಾರರು, ಯಾರೂ ಇಲ್ಲದಾಗ ಅದು ಸುಮ್ಮನೆ ಅಲ್ಲಾಡುತ್ತಿತ್ತು ಎಂದು, ಕರೆಂಟು ಉಳಿಸಲು ಆರಿಸಿದ್ದರು. ಎರಡನೆಯ ಸಲ ರಾಸಾಯನಿಕ ಹಳೆಯದಾಗಿತ್ತು. ಎಲ್ಲವೂ ಹಳದಿಯಾಯಿತು, ಬರೀ ನೀರು ಕೂಡ. ಇನ್ನು ಶನಿವಾರ ಹೊರಗಿನಿಂದ ಒಬ್ಬ ತಜ್ಞೆ ಬಂದು ನೋಡುವವರಿದ್ದರು. ಅವರ ಮುಂದೆ ಆಗದಿದ್ದರೆ ಈ ಪ್ರಯೋಗಕ್ಕೆ ತಿಲಾಂಜಲಿ.

"ನಮ್ಮವ್ವನ್ನ ಕರಕೊಂಡು ಓಗು. ಮುಟ್ಟಿ ಕೊಡ್ತಾರೆ" ಎಂದು ನಮ್ಮ ಮನೆಯವರು ದೋಸೆ ಮುರಿಯುತ್ತಾ ತಮಾಷೆ ಮಾಡಿದರು. ನಾನೂ ನಕ್ಕೆ. ವಿಜ್ಞಾನ ಓದಿದವಳು ನಗಲೇ ಬೇಕು. ಆದರೆ ಕೈ ತೊಳೆಯುವಷ್ಟರಲ್ಲಿ ಯೋಚನೆ ಬೇರೆಯಾಯಿತು. ಪಾಪ, ಮುದುಕಿ ಮಂಕಾಗಿ ಕೂತಿದ್ದಾರೆ, ಕರೆದರೆ ಸಂತೋಷಪಟ್ಟಾರು, ಇದರಲ್ಲಿ ನನ್ನ ನಂಬಿಕೆಯ ಪ್ರಶ್ನೆ ಬರುವುದಿಲ್ಲ, ಇದು ಬರೀ ಕರುಣೆ ಎಂದು ನನಗೆ ನಾನೇ ಸ್ಪಷ್ಟಪಡಿಸಿಕೊಂಡು ಹಿತ್ತಲಿಗೆ ಹೋದೆ.

"ಅತ್ತೆ, ಶನಿವಾರ ನನ್ ಕೂಡೆ ಕಾಲೇಜಿಗೆ ಬತ್ತೀರಾ?"

"ಈ ವಯಸ್ನಾಗೆ ನನ್ನ ಯಾರು ಸೇರಿಸ್ಕತ್ತಾರೆ?"

"ಒಂದು ವೇಲೆ ಆರಂಬ ಮಾಡಿಕೊಡ್ಬೇಕು. ಸೀಸೆಯೊಳಗೆ ಸಣ್ಣ ಸಣ್ಣ ಜೀವ ಅವೆ, ಕಣ್ಣಿಗೆ ಕಾಣಲ್ಲ. ಅವು ವೇಲೆ ಶುರು ಮಾಡ್ಬೇಕು. ಮಾಡ್ತಾ ಇಲ್ಲ." ನಮ್ಮ ಮನೆಯ ಕನ್ನಡದಲ್ಲಿ ವೇಲೆ ಎಂದರೆ ಕೆಲಸ.

"ಉಸುರು ಇರೋವಾ?"

"ಇರೋವೇ."

ಶನಿವಾರ ಅತ್ತೆ ಕಾರಮಡೈ ರಂಗನಾಥನ ಗುಡಿಗೆ ಹೋಗುವ ದಿನ. ಅದನ್ನು ಅವರು ತಪ್ಪಿಸಿದ್ದನ್ನು ನಾನು ಕಂಡಿಲ್ಲ. "ನನ್ ಕೈ ಮುಂಚೆ ಮಾದಿರಿ ಇಲ್ಲೆ ಅಂತ ಊರೇ ಏಳ್ತದೆ. ನಿನ್ ವೇಲೆನೂ ಕೆಟ್ಟೋದ್ರೆ?" ಎಂದರು. ಕೆಡುವುದಿಲ್ಲ, ನಾನಿದ್ದೇನಲ್ಲ ಎಂದು ಭರವಸೆ ಕೊಟ್ಟೆ. ಭರವಸೆ ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ. "ಸರಿ, ರಂಗನಾಥ ಎಲ್ಲೂ ಓಗಲ್ಲ" ಎಂದು ಅತ್ತೆ ಎದ್ದು, ಬಹಳ ದಿನದ ಮೇಲೆ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದರು.

ಶನಿವಾರ ಬೆಳಗ್ಗೆ ಸಿಟಿ ಬಸ್ಸಿನಲ್ಲಿ ಇಬ್ಬರೂ ಹೋದೆವು. ಪ್ರಯೋಗಾಲಯದಲ್ಲಿ ಮೇಜಿನ ಮೇಲೆ ಎರಡು ಸೀಸೆ. ಒಂದಕ್ಕೆ ಹಾಲಿನ ಸಕ್ಕರೆ ಹಾಕಿರಲಿಲ್ಲ, ಅದು ಸುಮ್ಮನಿರಬೇಕಾದದ್ದು. ಇನ್ನೊಂದಕ್ಕೆ ಹಾಕಿತ್ತು, ಅದು ಕೆಲಸ ಮಾಡಬೇಕಾದದ್ದು. ಅತ್ತೆಗೆ ಕೈ ತೊಳೆಸಿ, ಕೆಲಸದ ಸೀಸೆಯನ್ನು ತೋರಿಸಿ, ಮುಟ್ಟಿ ಕೊಡಿ ಎಂದು ಹೇಳಿದೆ. ಅಷ್ಟರಲ್ಲಿ ಯಾರೋ ಫೋನು ಮಾಡಿದರು. ತಜ್ಞೆಯ ಕಾರು ಗೇಟಿನಲ್ಲಿ ನಿಂತಿದೆ, ಬನ್ನಿ ಎಂದರು. ಓಡಿದೆ. ವಾಪಸು ಬರುವಷ್ಟರಲ್ಲಿ ಅತ್ತೆ ಸೀಸೆಯ ಮುಂದೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ವಿದ್ಯಾರ್ಥಿಗಳೂ ಅವರನ್ನು ನೋಡಿ ಕೈಮುಗಿದಿದ್ದರು. ಇವರು ನನ್ನ ಅತ್ತೆ, ನಮ್ಮ ಕೆಲಸ ನೋಡಲು ಬಂದಿದ್ದಾರೆ ಎಂದು ತಜ್ಞೆಗೆ ಪರಿಚಯಿಸಿ, ಸೀಸೆಗಳನ್ನು ಅಲ್ಲಾಡಿಸುವ ಯಂತ್ರದಲ್ಲಿಟ್ಟು, ಅಂದಿನ ಮಟ್ಟಿಗೆ ಕಾವಲುಗಾರರನ್ನು ಕಾಫಿ ಕುಡಿಯಲು ಕಳಿಸಿದೆ.

ತಜ್ಞೆ ಸಣ್ಣ ದನಿಯ, ಬಿಗಿ ಮುಖದ ಹೆಂಗಸು. ನನ್ನ ಪಾಠವನ್ನೆಲ್ಲ ಕೇಳಿದರು, ತಲೆಯಾಡಿಸಲಿಲ್ಲ. ಹೊತ್ತಾದ ಮೇಲೆ ಎರಡೂ ಸೀಸೆಯಿಂದ ಸ್ವಲ್ಪ ಸ್ವಲ್ಪ ಗಾಜಿನ ನಳಿಕೆಗಳಿಗೆ ತೆಗೆದು ರಾಸಾಯನಿಕ ಬೆರೆಸಿದೆವು. ಹೊಸ ರಾಸಾಯನಿಕ, ನಾನೇ ಪರೀಕ್ಷಿಸಿದ್ದು. ಸುಮ್ಮನಿರಬೇಕಾದದ್ದು ಸುಮ್ಮನಿತ್ತು. ಕೆಲಸ ಮಾಡಬೇಕಾದದ್ದೂ ಸುಮ್ಮನಿತ್ತು. ಕಾದೆವು. ಇನ್ನಷ್ಟು ಕಾದೆವು. ವಿದ್ಯಾರ್ಥಿಗಳು ಮೊದಲು ನಳಿಕೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ಅತ್ತೆಯನ್ನು ನೋಡಿದರು. ಅವರಲ್ಲೊಬ್ಬಳು ನಮ್ಮ ಬೀದಿಯ ಹುಡುಗಿ. ಮಗ್ಗದ ಮೋಟಾರು ಸುಟ್ಟ ಕತೆ ಬಲ್ಲವಳು. ಅತ್ತೆಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಮುಚ್ಚಿಕೊಂಡರು. ಪ್ರಯೋಗ ಹಾಳಾಗಿ ಹೋಗಲಿ, ಈ ಕೈಯನ್ನು ಇಲ್ಲಿಗೆ ಕರೆತಂದು ಇಷ್ಟು ಜನರ ಮುಂದೆ ಅವಮಾನ ಮಾಡಿದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಆಗ ಕೆಲಸದ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಇನ್ನೊಂದಕ್ಕಿಂತ ಇದರ ಬಣ್ಣ ಸ್ವಲ್ಪ ಚಹಾದ ಕಡೆಗಿತ್ತು. ಸೀಸೆಯ ಅಂಚಿನಲ್ಲಿ ಒಂದೆರಡು ಕಂದು ಹರಳು ಅಂಟಿಕೊಂಡಿದ್ದವು. ಅತ್ತೆಯ ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದೆ.

"ಅತ್ತೆ, ಇದರೊಳಗೆ ಏನಾದ್ರೂ ಆಕಿದ್ರಾ?"

"ಊಂ. ನಾಟು ಸಕ್ರೆ. ಒಂದು ಚಿಟಿಕೆ."

"ಯಾಕತ್ತೆ?"

"ಯಾಕಾ? ಉಸುರು ಇರೋವು ಅಂದೆ ತಾನೆ ನೀನು? ಬಾಯಿ ಸಿಹಿ ಮಾಡ್ದೆ ವೇಲೆ ಮಾಡು ಅಂದ್ರೆ ಪಾಪ ಎಂಗೆ ಮಾಡ್ತವೆ? ಮರದ ಮಗ್ಗಕ್ಕೇ ಆಕ್ತೀನಿ, ಇವಕ್ಕೆ ಆಕ್ದೆ ಇರ್ತೀನಾ?" ಎಂದವರು, ನನ್ನ ಮುಖ ನೋಡಿ, "ಆಕ್ಬಾರದಿತ್ತಾ ಅಮ್ಮಿಣಿ?" ಎಂದರು. ಆ ದನಿಯಲ್ಲಿ ಅವರು ನನ್ನ ಜೊತೆ ಹಿಂದೆಂದೂ ಮಾತಾಡಿರಲಿಲ್ಲ.

ಹಾಕಬಾರದಿತ್ತು. ಬೆಲ್ಲದಲ್ಲಿ ಬಹುಪಾಲು ಇರುವುದು ಕಬ್ಬಿನ ಸಕ್ಕರೆ. ಅದನ್ನು ನಮ್ಮ ಬ್ಯಾಕ್ಟೀರಿಯಾ ಮೂಸಿಯೂ ನೋಡುವುದಿಲ್ಲ. ಆದರೆ ಜೊತೆಯಲ್ಲಿ ಸ್ವಲ್ಪ ಗ್ಲೂಕೋಸು ಬೆರೆತಿರುತ್ತದೆ. ಗ್ಲೂಕೋಸು ಎಂದರೆ ಬ್ಯಾಕ್ಟೀರಿಯಾಕ್ಕೆ ಸುಲಿದಿಟ್ಟ ಬಾಳೆಹಣ್ಣು. ಅದು ಸಿಕ್ಕುತ್ತಿರುವವರೆಗೆ ಹಾಲಿನ ಸಕ್ಕರೆಯ ಗೊಡವೆಗೇ ಹೋಗುವುದಿಲ್ಲ. ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ ಎನ್ನಬಹುದು. ಬಾಗಿಲಿನ ಯಜಮಾನ ಎದ್ದರೂ ಪಾಲಿಮರೇಸಿಗೆ ಬೆನ್ನ ಹಿಂದಿನಿಂದ ಒಂದು ತಳ್ಳು ಬೇಕು, ಗ್ಲೂಕೋಸು ಇರುವ ತನಕ ಆ ತಳ್ಳು ಕೊಡುವವರು ಬರುವುದಿಲ್ಲ. ಇದನ್ನು ನಾನು ಎಷ್ಟೋ ವರ್ಷದಿಂದ ಕಲಿಸುತ್ತಿದ್ದೇನೆ. ಕೆಲಸ ಬೇಗ ಶುರುವಾಗಲೆಂದು ಅತ್ತೆ ಪ್ರೀತಿಯಿಂದ ಹಾಕಿದ್ದೇ ಕೆಲಸ ಶುರುವಾಗದಂತೆ ಮಾಡುವ ಒಂದೇ ಒಂದು ಪದಾರ್ಥ. ಪ್ರಪಂಚದಲ್ಲಿ ಉಪ್ಪಿದೆ, ಮೆಣಸಿದೆ, ಅರಿಸಿನವಿದೆ, ಅದೇ ಬೇಕಾಗಿತ್ತೇ!

"ಇಲ್ಲತ್ತೆ. ಆಕಿದ್ದು ಒಳ್ಳೇದೇ ಆಯ್ತು" ಎಂದೆ. ಈಗ ತಜ್ಞೆಗೆ ಉತ್ತರ ಹೇಳಬೇಕಿತ್ತು. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಹೇಳಿದರೆ ಅತ್ತೆಗೆ ಅರ್ಥವಾಗುತ್ತದೆ. ದೇವರು ಇಂಗ್ಲಿಷನ್ನು ಇಂಥ ಸಮಯಕ್ಕೆಂದೇ ಸೃಷ್ಟಿಸಿದ್ದಾನೆ. ಎದೆ ಸೆಟೆಸಿ ನಿಂತು, ಈ ಸೀಸೆಯಲ್ಲಿ ಹಾಲಿನ ಸಕ್ಕರೆಯ ಜೊತೆಗೆ ಗ್ಲೂಕೋಸೂ ಇದೆ, ಅದು ಮುಗಿಯುವವರೆಗೆ ವಂಶವಾಹಿಯ ಕೆಲಸ ಶುರುವಾಗುವುದಿಲ್ಲ, ಈ ಕಾಯುವಿಕೆಯನ್ನು ತೋರಿಸುವುದೇ ಇಂದಿನ ವಿಶೇಷ ಎಂದು ಇಂಗ್ಲಿಷಿನಲ್ಲಿ ಘೋಷಿಸಿದೆ. ನಮ್ಮ ಬೀದಿಯ ಹುಡುಗಿ ನಾವಿಬ್ಬರೂ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಕಿಟಕಿಯ ಕಡೆ ತಿರುಗಿದಳು. ತಜ್ಞೆ ಸೀಸೆಯನ್ನು ಕೈಗೆ ತೆಗೆದುಕೊಂಡರು. ಗ್ಲೂಕೋಸು ಎಷ್ಟು ಹಾಕಿದ್ದೀರಿ ಎಂದು ಕೇಳಿದರು. ಬೇಕಾದಷ್ಟು ಎಂದೆ. ಯಾವ ಕಂಪನಿಯದು ಎಂದರು. ಇಲ್ಲಿಯದೇ ಎಂದೆ. ಕಂದು ಬಣ್ಣ ಏಕೆ ಎಂದರು. ಹೆಚ್ಚು ಶುದ್ಧೀಕರಿಸದ್ದು ಎಂದೆ. ನನ್ನ ಉತ್ತರಗಳಲ್ಲಿ ಒಂದೇ ಒಂದು ಸುಳ್ಳೂ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ತಜ್ಞೆ ಸೀಸೆಯ ಅಂಚನ್ನು ನೋಡಿದರು, ಅತ್ತೆಯ ಸೊಂಟದ ಸಂಚಿಯನ್ನು ನೋಡಿದರು. "ಕಾಯೋಣ" ಎಂದು ಹೇಳಿ ತಮ್ಮ ಊಟದ ಡಬ್ಬಿ ಬಿಚ್ಚಿದರು.

ಮುಖದಲ್ಲಿ ಧೈರ್ಯವಿತ್ತೇ ಹೊರತು ಒಳಗೆ ನನಗೆ ಲೆಕ್ಕ ಸಿಕ್ಕುತ್ತಿರಲಿಲ್ಲ. ಅತ್ತೆಯ ಒಂದು ಚಿಟಿಕೆ ಎಂದರೆ ಎಷ್ಟು? ಸಾರಿಗೆ ಒಂದು ಚಿಟಿಕೆ ಉಪ್ಪು ಹಾಕಿದೆ ಎಂದು ಅವರು ಹೇಳಿದ ದಿನ ನಾವು ಮೊಸರಲ್ಲೇ ಊಟ ಮುಗಿಸಿದ್ದೂ ಉಂಟು. ತಜ್ಞೆಗೆ ಸಂಜೆ ರೈಲು. ಗ್ಲೂಕೋಸು ಅಷ್ಟರೊಳಗೆ ಮುಗಿಯದಿದ್ದರೆ ನನ್ನ ವಿಶೇಷವೂ ಹೋಯಿತು, ಅತ್ತೆಯ ಕೈಯೂ ಹೋಯಿತು. ಆಗಾಗ ಸ್ವಲ್ಪ ತೆಗೆದು ಬೆರೆಸಿ ನೋಡುತ್ತಿದ್ದೆವು. ನೀರು. ಮತ್ತೆ ನೀರು. ಅತ್ತೆ ಊಟ ಮಾಡಲಿಲ್ಲ. ಸ್ಟೂಲಿನ ಮೇಲೆ ಕೂತು, ಸೆರಗಿನೊಳಗೆ ಕೈಯಿಟ್ಟು, ಯಂತ್ರದಲ್ಲಿ ಅಲ್ಲಾಡುವ ಸೀಸೆಯನ್ನೇ ನೋಡುತ್ತಿದ್ದರು. ನಾನು ಚೌಡಮ್ಮನಿಗೆ ಹರಕೆ ಹೊತ್ತೆ. ಬ್ಯಾಕ್ಟೀರಿಯಾ ಗ್ಲೂಕೋಸನ್ನು ಬೇಗ ಬೇಗ ತಿನ್ನಲಿ ಎಂದು ಯಾವ ಭಕ್ತೆಯಾದರೂ ಅವಳ ಮುಂದೆ ಬೇಡಿಕೊಂಡದ್ದು ಅದೇ ಮೊದಲಿರಬೇಕು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿಗೆ ಬಿದ್ದಿತ್ತು. ಬೀದಿಯ ಹುಡುಗಿಯೇ ಆ ಸಲ ನಳಿಕೆ ಹಿಡಿದಿದ್ದಳು. ರಾಸಾಯನಿಕ ಬೆರೆಸಿದಳು, ನೋಡಿದಳು, ಇನ್ನೊಮ್ಮೆ ನೋಡಿದಳು. ಮೊದಲು ಹೌದೋ ಅಲ್ಲವೋ ಎಂಬಷ್ಟು, ಆಮೇಲೆ ಅನುಮಾನಕ್ಕೆ ಎಡೆಯಿಲ್ಲದಷ್ಟು ಹಳದಿ.

"ಅರಿಸಿನ!" ಎಂದು ಅತ್ತೆ ಸ್ಟೂಲಿನಿಂದ ಎದ್ದರು. "ಅಮ್ಮಿಣಿ, ಅರಿಸಿನ ಬಂತು! ನಲ್ಲದಕ್ಕೇ, ಒಳ್ಳೇದಕ್ಕೇ ಬರೋದು ಅದು!" ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ತಜ್ಞೆ ಹಿಂದಿನ ನಳಿಕೆಗಳನ್ನೂ ಈಗಿನದನ್ನೂ ಸಾಲಾಗಿ ನಿಲ್ಲಿಸಿ ನೋಡಿ, ಕಾಯುವುದನ್ನೂ ಹೊರಡುವುದನ್ನೂ ಇಷ್ಟು ಚೆನ್ನಾಗಿ ಒಂದೇ ಸೀಸೆಯಲ್ಲಿ ತೋರಿಸಿದ್ದನ್ನು ತಾವು ಕಂಡಿಲ್ಲ, ಪ್ರಯೋಗ ಇರಲಿ ಎಂದರು. ಅತ್ತೆಯ ಬಲಗೈ ಸೆರಗಿನಿಂದ ಹೊರಗೆ ಬಂದಿತ್ತು. ಅದನ್ನು ನೋಡಿ ನನಗಾದ ಸಂತೋಷದ ಮುಂದೆ ಪ್ರಯೋಗದ ಸಂತೋಷ ಏನೂ ಅಲ್ಲ. ಕಾರಿನವರೆಗೆ ಬಿಡಲು ಹೋದಾಗ ತಜ್ಞೆ ಗಂಭೀರವಾಗಿ, ಬರುವ ತಿಂಗಳು ತಮ್ಮ ಪ್ರಯೋಗಾಲಯಕ್ಕೆ ಹೊಸ ಯಂತ್ರ ಬರುತ್ತಿದೆ, ನಿಮ್ಮ ಅತ್ತೆ ಬರುತ್ತಾರೆಯೇ ಎಂದು ವಿಚಾರಿಸಿದರು. ತಮಾಷೆಯಿರಬೇಕೆಂದು ನಗಲು ಹೊರಟೆ. ಅವರು ನಗಲಿಲ್ಲ.

ಬೀದಿಯ ಹುಡುಗಿ ಏನು ಹೇಳಿದಳೋ, ಬೀದಿ ಏನು ಕೇಳಿಸಿಕೊಂಡಿತೋ, ನಾವು ಬಸ್ಸಿಳಿಯುವ ಮೊದಲೇ ಸುದ್ದಿ ಇಳಿದಿತ್ತು: ಓದಿದವರೆಲ್ಲ ಸೇರಿ ಶುರು ಮಾಡಲಾಗದ್ದನ್ನು ರಾಜಮ್ಮ ಒಂದು ಚಿಟಿಕೆ ಬೆಲ್ಲದಲ್ಲಿ ಶುರು ಮಾಡಿದರು. ಸರಿಯಾದ ಸಂಗತಿ ಇದಕ್ಕೆ ನೇರ ಉಲ್ಟಾ. ಅದನ್ನು ಬಲ್ಲವರು ನಾನು, ಆ ಹುಡುಗಿ ಮತ್ತು ಬಹುಶಃ ತಜ್ಞೆ. ಮೂವರೂ ಬಾಯಿ ಬಿಡುವವರಲ್ಲ. ಅಂದಿನಿಂದ ನಮ್ಮ ಜಗಲಿ ಖಾಲಿ ಇರುವುದಿಲ್ಲ. ಬೋರಿನ ಮೋಟಾರು ಮುಟ್ಟಲು, ಸ್ಕೂಟರಿನ ಕೀಲಿ ಮುಟ್ಟಲು, ಪರೀಕ್ಷೆಯ ಪೆನ್ನು ಮುಟ್ಟಲು ಜನ ಬರುತ್ತಾರೆ. ಮೋಟಾರು ಸುಟ್ಟ ಮನೆಯವರೂ ತಾಂಬೂಲದ ಸಮೇತ ಬಂದು, ತಪ್ಪು ಮೋಟಾರಿನದೇ ಎಂದು ಒಪ್ಪಿಕೊಂಡು ಹೋದರು. ಮಗ ದೋಸೆ ಕೇಳಿದರೆ ಅತ್ತೆ, "ನೇರ ಇಲ್ಲೆ ಕಣಪ್ಪಾ, ಪುರುಸೊತ್ತೇ ಇಲ್ಲೆ, ನೀನೇ ಹುಯ್ಕೋ" ಎನ್ನುತ್ತಾರೆ. ನಮ್ಮ ಮನೆಯವರು ಈಗ ದೋಸೆ ಚೆನ್ನಾಗಿಯೇ ಹುಯ್ಯುತ್ತಾರೆ.

ಹೊಸ ತಂಡದ ವಿದ್ಯಾರ್ಥಿಗಳಿಗೆ ಅದೇ ಪ್ರಯೋಗ ಕಳೆದ ಸೋಮವಾರ ಇತ್ತು. ಈ ಸಲ ಎಲ್ಲವೂ ನನ್ನ ಹಿಡಿತದಲ್ಲಿತ್ತು: ಹೊಸ ರಾಸಾಯನಿಕ, ಅಳೆದ ಗ್ಲೂಕೋಸು, ಯಂತ್ರದ ಗುಂಡಿಗೆ ನಾನೇ ಅಂಟಿಸಿದ ಟೇಪು. ಅತ್ತೆಯ ಅವಶ್ಯಕತೆ ಖಂಡಿತ ಇರಲಿಲ್ಲ. ಆದರೂ ಕರೆಯದಿದ್ದರೆ ಹಿರಿಯರು ಬೇಜಾರು ಮಾಡಿಕೊಂಡಾರು ಎಂದು ಒಂದು ಮಾತು ಕೇಳಿದೆ.

"ಸೋಮಾರವಾ? ಆಗಲ್ಲ ಅಮ್ಮಿಣಿ. ಮಿಕ್ಸಿ ಅಂಗಡಿ ತೆರೀತಾರೆ, ನಾನು ಓಗದೆ ಶಟರ್ ಎತ್ತಲ್ಲವಂತೆ. ಮಂಗಳಾರ ತಿರುಪ್ಪೂರು. ನೀನೇ ಮುಟ್ಟಿ ಶುರು ಮಾಡ್ಬುಡು. ನೀನೂ ಓದಿದೋಳು ತಾನೆ?"

ಅದಕ್ಕೇನಂತೆ ಎಂದು ಹೇಳಿ ಹೊರಟೆ. ವಿದ್ಯಾರ್ಥಿಗಳೆಲ್ಲ ಬಿಳಿ ಕೋಟು ತೊಟ್ಟು ಕಾಯುತ್ತಿದ್ದರು. ಸೀಸೆಯನ್ನು ಕೈಗೆತ್ತಿಕೊಂಡೆ. ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಆಮೇಲೆ ರಾಸಾಯನಿಕ ಇನ್ನೂ ಬಂದಿಲ್ಲವೆಂದು ಹೇಳಿ ಅವರನ್ನು ಮನೆಗೆ ಕಳಿಸಿದೆ. ಅತ್ತೆಗೆ ಶುಕ್ರವಾರ ಬೆಳಗ್ಗೆ ಸ್ವಲ್ಪ ಬಿಡುವಿದೆಯಂತೆ.